ನಾನೂರ ಎಂಬತ್ತೇಳಕ್ಕೆ ನಿಂತ ಮೀಟರು

ಹೊಸ ಬೈಕಿನ ಎಂಜಿನ್ನನ್ನು ಹೇಗೆ ಪಳಗಿಸಬೇಕು ಎಂದು ಕೇಳಿಕೊಂಡು ಈಗಲೂ ನನ್ನ ಹತ್ತಿರ ಬರುವವರಿದ್ದಾರೆ. ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ಯಾರು ಗಾಡಿ ತೆಗೆದರೂ, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿದ ಮೇಲೆ, ನಮ್ಮ ಮನೆ ಮುಂದೆ ಒಂದು ಸಲ ನಿಲ್ಲಿಸುತ್ತಾರೆ. ನಾನೂ ದೊಡ್ಡ ಮನುಷ್ಯನ ಹಾಗೆ ಹೇಳುತ್ತೇನೆ: ಮೊದಲ ಐನೂರು ಕಿಲೋಮೀಟರು ನಲವತ್ತರ ಮೇಲೆ ಹೋಗಬೇಡಿ, ಆಕ್ಸಿಲರೇಟರನ್ನು ಪೂರ್ತಿ ತಿರುವಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಳೆಯಬೇಡಿ, ಒಂದು ನಿಮಿಷ ಬಿಸಿಯಾಗಲಿ, ಐನೂರಕ್ಕೆ ಎಣ್ಣೆ ಬದಲಾಯಿಸಿ. ಇಷ್ಟೂ ಸರಿಯಾದ ಮಾತೇ. ಇದರ ಜೊತೆಗೆ ಇನ್ನೊಂದು ನಿಯಮ ಇತ್ತು. ಅದನ್ನು ಹುಟ್ಟಿಸಿದವನು ನಾನು. ಅದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ನನ್ನ ಬದುಕಿನಲ್ಲಿ ಮಾಡಿದ ತಪ್ಪುಗಳಿಗೇನು ಬರವಿಲ್ಲ, ಕೆಲವನ್ನು ನೆನೆದರೆ ನಗುವೂ ಬರುತ್ತದೆ. ಇದೊಂದನ್ನು ನೆನೆದರೆ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತದೆ.

ಆಗ ನಾವಿದ್ದದ್ದು ಹಿರಿಯೂರಿನಿಂದ ಹರಿಯಬ್ಬೆ ಕಡೆಗೆ ಹೋಗುವ ದಾರಿಯಲ್ಲಿ, ಪೇಟೆಗೆ ಎಂಟು ಕಿಲೋಮೀಟರು ದೂರದ ಒಂದು ಸಣ್ಣ ಹಟ್ಟಿಯಲ್ಲಿ. ಕುರಿ ಸಾಕುವವರ ಮನೆ. ಮುಂದೆ ಕುರಿದೊಡ್ಡಿ, ಆಮೇಲೆ ಜಗಲಿ, ಒಳಗೆ ಉದ್ದನೆಯ ಪಡಸಾಲೆ, ಅದರ ಕೊನೆಗೆ ಅಡುಗೆಮನೆ. ಪಡಸಾಲೆಯ ಒಂದು ಮೂಲೆಯಲ್ಲಿ ಎಳೆಮರಿಗಳ ಮೇಲೆ ದೊಡ್ಡ ಬಿದಿರುಬುಟ್ಟಿ ಕವುಚಿರುತ್ತಿದ್ದೆವು. ಇನ್ನೊಂದು ಮೂಲೆಯಲ್ಲಿ ಅವ್ವನ ಉಣ್ಣೆ, ಕದಿರು, ಗೂಡಿನ ತುಂಬ ಅವಳು ನೂತ ಕರಿ ದಾರದ ಉಂಡೆಗಳು. ಮಿಕ್ಕ ಜಾಗದಲ್ಲಿ ಅಪ್ಪ, ಅವ್ವ, ನಾನು. ಮುದ್ದೆ, ಹುರುಳಿಕಾಳಿನ ಸಾರು, ಮಜ್ಜಿಗೆ, ಇಷ್ಟೇ ಊಟ. ಉಣ್ಣುವಾಗ ಒಂದಾದರೂ ಮರಿ ಬುಟ್ಟಿಯೊಳಗಿಂದ ಕೂಗುತ್ತಿತ್ತು. ಅವ್ವ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು "ಬಂದೆ ಇರವ್ವ" ಎಂದು ಎದ್ದು ಹೋಗುತ್ತಿದ್ದಳು. ಕುರಿಯ ವಾಸನೆ ಅನ್ನುವುದೊಂದು ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ಹಿರಿಯೂರಿನ ಕಾಲೇಜಿಗೆ ಸೇರಿದ ಮೇಲೆ. ಬೆಂಚಿನಲ್ಲಿ ಪಕ್ಕ ಕೂತವನು ಒಂದು ದಿನ ಮೂಗಿಗೆ ಕರವಸ್ತ್ರ ಹಿಡಿದು ಸುತ್ತ ನೋಡಿದ.

"ಯಾರಲೇ ಕ್ಲಾಸಿಗೆ ಕುರಿ ಹೊಡ್ಕಂಡು ಬಂದಿರೋರು?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅವತ್ತಿನಿಂದ ನನ್ನ ಅಂಗಿಯನ್ನು ನಾನೇ ಒಗೆದುಕೊಂಡು, ಉಣ್ಣೆಯಿಂದ ದೂರ, ಹಿತ್ತಲಿನ ಬೇವಿನ ಮರಕ್ಕೆ ಹಗ್ಗ ಕಟ್ಟಿ ಒಣಹಾಕಲು ಶುರುಮಾಡಿದೆ. ಅವ್ವ ಕಂಬಳಿ ಹೊದ್ದು ಹತ್ತಿರ ಬಂದರೆ ಸರಿದು ಕೂರುತ್ತಿದ್ದೆ. "ಯಾಕಲೇ, ಮುಳ್ಳು ಚುಚ್ತೈತಾ?" ಎಂದು ಅವಳು ನಗುತ್ತಿದ್ದಳು. ಓದುವ ಹುಡುಗ, ಸಿಡುಕು ಜಾಸ್ತಿ ಎಂದು ತಿಳಿದಿದ್ದಳು.

ನಮ್ಮಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕುರಿ ಕೊಟ್ಟು ಕಳಿಸುತ್ತಾರೆ. ಗಂಡನ ಮಂದೆಯಲ್ಲಿ ಸೇರಿದರೂ ಅವು ಅವಳವೇ. ಹುಟ್ಟುವ ಮರಿಗಳೂ ಅವಳವೇ. ಗುರುತಿಗೆ ಕಿವಿ ಬೇರೆ ರೀತಿ ಸೀಳಿರುತ್ತಾರೆ. ಅವ್ವನ ಅಪ್ಪ, ಹಾಲುರಾಮೇಶ್ವರದ ಹತ್ತಿರದ ಹಳ್ಳಿಯವನು, ಕೊಟ್ಟ ಕುರಿಗಳು ಬೆಳೆದು ನಮ್ಮ ಮಂದೆಯಲ್ಲಿ ಅರ್ಧ ಅವ್ವನವೇ ಆಗಿದ್ದವು. ನಾನು ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕಾಲೇಜಿಗೆ ಹೋಗುವುದನ್ನು ಒಂದು ದಿನ ರಸ್ತೆಬದಿಯಲ್ಲಿ ಕುರಿ ಮೇಯಿಸುತ್ತಿದ್ದ ಅವಳು ಕಣ್ಣಾರೆ ಕಂಡಳು. ಸಂಜೆ ಒಲೆ ಮುಂದೆ ಕೂತು ಅಪ್ಪನಿಗೆ ಹೇಳಿಯೇಬಿಟ್ಟಳು.

"ನನ್ನ ಕುರಿ ಹೊಡ್ಕಂಡು ಹೋಗಿ ಮಾರ್ರಿ. ಹುಡುಗನಿಗೆ ಒಂದು ಗಾಡಿ ತರ್ರಿ."

"ತವರಿನ ಕುರಿ ಮಾರ್ತಾರೇನೇ? ನಿಮ್ಮಪ್ಪ ಕೇಳಿದ್ರೆ ಏನನ್ನಲ್ಲ?"

"ನಮ್ಮಪ್ಪನ ಮುಂದೆ ಗಾಡಿಯಿಂದಾನೇ ಇಳೀತೀನಿ. ನೋಡಪ್ಪ, ನೀನು ಕೊಟ್ಟ ಕುರಿ ಹೆಂಗಾಗವೆ ಅಂತೀನಿ. ಅಷ್ಟೇ ಸಾಕು ನನಗೆ." ಆಮೇಲೆ ನನ್ನ ಕಡೆ ತಿರುಗಿದಳು. "ಏನಪ್ಪ ತಿಪ್ಪೇಶ, ಕರ್ಕಂಡು ಹೋಗ್ತೀಯಾ?"

ಹೋಗಾಣ ಅವ್ವ ಎಂದೆ. ಗಾಡಿಯ ಆಸೆಗೆ ಆಗ ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ಗಾಡಿ ಬಂತು. ಅಪ್ಪ ಮರಿಗಳ ಬುಟ್ಟಿಯನ್ನು ಜಗಲಿಗೆ ಸಾಗಿಸಿ ಪಡಸಾಲೆಯ ಆ ಮೂಲೆಯಲ್ಲಿ ಗಾಡಿಯನ್ನು ನಿಲ್ಲಿಸಿದ. ಚಳಿಗೆ ಮರಿ ಸತ್ತರೆ ಏನು ಗತಿ ಎಂದು ಅವ್ವ, ಹೊರಗಿಟ್ಟು ಗಾಡಿ ಕಳುವಾದರೆ ಏನು ಗತಿ ಎಂದು ಅಪ್ಪ, ಇಬ್ಬರೂ ಎರಡು ದಿನ ಮುಖ ತಿರುಗಿಸಿಕೊಂಡು ಉಂಡರು. ಕೊನೆಗೆ ಗಾಡಿಯ ಬಲಕ್ಕೆ ಮರಿ, ಎಡಕ್ಕೆ ನಾವು ಎಂದು ಒಪ್ಪಂದವಾಯಿತು. ಅವ್ವ ಟ್ಯಾಂಕಿಗೆ ಕುಂಕುಮ ಇಟ್ಟು, ದೃಷ್ಟಿ ತಾಗದಿರಲೆಂದು ತಾನು ನೂತ ಕರಿ ದಾರವನ್ನು ಹ್ಯಾಂಡಲ್ಲಿಗೆ ಸುತ್ತಿದಳು. ಗಾಡಿಯ ಜೊತೆ ಒಂದು ಸಣ್ಣ ಪುಸ್ತಕ ಕೊಟ್ಟಿದ್ದರು, ಪೂರ್ತಿ ಇಂಗ್ಲಿಷು. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಸಂಜೆ ಊಟವಾದ ಮೇಲೆ ಅಪ್ಪ ಗೋಡೆಗೆ ಒರಗಿ, ಅವ್ವ ಕದಿರು ತಿರುಗಿಸುತ್ತಾ ಕೂತರು. ನಾನು ಓದಿ ಅರ್ಥ ಹೇಳತೊಡಗಿದೆ. ಎಂಜಿನ್ನಿನ ಒಳಗಿನ ಭಾಗಗಳು ಹೊಸದಾಗಿರುವಾಗ ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ, ಐನೂರು ಕಿಲೋಮೀಟರು ಉಜ್ಜಾಡಿ ಹೊಂದಿಕೊಳ್ಳಬೇಕು, ಅಲ್ಲಿಯವರೆಗೆ ಜೋರು ಮಾಡಬಾರದು. ಅವ್ವನಿಗೆ ಇದು ತಟ್ಟನೆ ತಿಳಿಯಿತು. "ಹೊಸ ಸೊಸೆ ಇದ್ದಂಗೆ ಅನ್ನು" ಎಂದಳು. ಅಪ್ಪನಿಗೂ ನಗು ಬಂತು. ಹೆಚ್ಚು ಭಾರ ಹೇರಬಾರದು ಎಂಬ ಸಾಲಿಗೆ ಬಂದೆ. ಅಷ್ಟರಲ್ಲಿ ಅವ್ವ ಕದಿರು ನಿಲ್ಲಿಸಿದಳು.

"ಹಂಗಾದ್ರೆ ನಾನು ಭಾನುವಾರ ಕುಂತ್ಕಬಹುದಾ? ಹಿರಿಯೂರು ಸಂತೇಗೆ ಹೋಗಿ, ಬಸ್ ಸ್ಟ್ಯಾಂಡ್ ಹತ್ರ ಒಂದು ಸುತ್ತು ಬರಾಣ."

ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಭಾನುವಾರ ನನ್ನ ಗೆಳೆಯರೆಲ್ಲ ಇರುತ್ತಿದ್ದರು. ಕರವಸ್ತ್ರ ಹಿಡಿದವನೂ ಇರುತ್ತಿದ್ದ. ಪುಸ್ತಕದ ಪುಟವನ್ನು ನೋಡುತ್ತಲೇ, ಬೆರಳನ್ನು ಸಾಲಿನ ಮೇಲೆ ಓಡಿಸುತ್ತಾ, ಅಲ್ಲಿ ಇಲ್ಲದ್ದನ್ನು ಓದಿದೆ. ಹೆಂಗಸರು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತರೆ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ, ಹಸಿ ಎಂಜಿನ್ನು ಒಂದೇ ಕಡೆ ಸವೆಯುತ್ತದೆ, ಐನೂರು ಆಗುವವರೆಗೂ ಹೆಂಗಸರು ಕೂರಕೂಡದು. ಇಷ್ಟು ಹೇಳಿ ಪುಟ ತಿರುವಿದೆ. ನನ್ನ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಓದಿರಲಿಲ್ಲ.

"ಅದೂ ಹೌದು, ಒಂದೇ ಕಡೆ ಹೇರಿದ್ರೆ ಕತ್ತೆ ಬೆನ್ನೂ ಹುಣ್ಣಾಗ್ತೈತೆ" ಎಂದ ಅಪ್ಪ. ಅವ್ವ ಅಷ್ಟಕ್ಕೆ ಬಿಡಲಿಲ್ಲ.

"ಗಂಡುಸ್ರಂಗೆ ಎಲ್ಡೂ ಕಡೆ ಕಾಲು ಹಾಕ್ಕಂಡು ಕುಂತ್ರೆ? ಕಚ್ಚೆ ಹಾಕ್ಕಂಡು ಕುಂತ್ಕಂತೀನಿ."

"ನಾಚ್ಕೆ ಆಗಲ್ವೇನವ್ವ ನಿನಗೆ? ಊರೋರೆಲ್ಲ ನಗಲಿ ಅಂತಾನಾ?"

ಅವ್ವ ಉಣ್ಣೆ ಎತ್ತಿಕೊಂಡಳು. ಕದಿರು ಮತ್ತೆ ತಿರುಗಿತು. ಐನೂರಲ್ವಾ, ಎಷ್ಟೊತ್ತಿನ ಮಾತು ಎಂದಳು. ನಾಚಿಕೆ ಎಂಬ ಮಾತನ್ನು ನಾನು ಅವಳಿಗೆ ಅಂದದ್ದು ಅದೊಂದೇ ಸಲ. ಅದು ಅವಳ ಹತ್ತಿರ ನಿಲ್ಲಲಿಲ್ಲ. ನನ್ನ ಹತ್ತಿರವೇ ಬಂದು ಇಲ್ಲಿಯವರೆಗೂ ಕೂತಿದೆ.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ದಿನಾ ಸಂಜೆ ನಾನು ಗಾಡಿ ನಿಲ್ಲಿಸಿದ ಕೂಡಲೇ ಬಂದು ಮೀಟರು ತೋರಿಸು ಎನ್ನುತ್ತಿದ್ದಳು. ಮೊದಮೊದಲು ನಾನು ಓದಿ ಹೇಳುತ್ತಿದ್ದೆ. ಎರಡು ವಾರದಲ್ಲಿ ಅವಳೇ ಓದಲು ಕಲಿತಳು. ಎರಡು ಅಂದರೆ ಬಾತುಕೋಳಿ, ಎಂಟು ಅಂದರೆ ಕದಿರಿಗೆ ಸುತ್ತಿದ ದಾರ, ಹೀಗೆ ತನ್ನದೇ ಗುರುತು ಇಟ್ಟುಕೊಂಡು ಹೇಳುವಳು. "ಇನ್ನೂರಾ ಹದಿನಾಲ್ಕು. ಇವತ್ತು ಹದಿನಾರು ಓಡೈತೆ" ಎಂದು ಲೆಕ್ಕ ಹೇಳಿ ಹಿಗ್ಗುವಳು. ಅಪ್ಪ ಮಾತ್ರ ಆರಾಮಾಗಿ ನನ್ನ ಹಿಂದೆ ಕೂತು ಸಂತೆಗೆ ಬರುತ್ತಿದ್ದ. ಅವ್ವ ಉಣ್ಣೆಯ ಗಂಟು ಹೊತ್ತು ಬಸ್ಸಿಗೆ ಕೈ ತೋರಿಸುತ್ತಾ ರಸ್ತೆಯಲ್ಲಿ ನಿಂತಿರುತ್ತಿದ್ದಳು. ನಾವು ಅವಳ ಪಕ್ಕದಲ್ಲೇ ಹಾದು ಹೋದರೆ ಕೈ ಬೀಸಿ "ನಿಧಾನ, ನಲವತ್ತರ ಮ್ಯಾಲೆ ಹೋಗಬ್ಯಾಡ" ಎಂದು ಕೂಗುತ್ತಿದ್ದಳು. ತವರಿಗೆ ಹೇಳಿಕಳಿಸಿದ್ದಳು, ಐನೂರಾದ ಮರುದಿನವೇ ಬರ್ತೀನಿ ಎಂದು. ತಾತ ದಿನಾ ಜಗಲಿ ಮೇಲೆ ಕೂತು, ಗಾಡಿ ಸದ್ದು ಕೇಳಿದರೆ ಸಾಕು ಎದ್ದು ನಿಲ್ಲುತ್ತಾನೆ ಎಂದು ಅಲ್ಲಿಂದ ಸುದ್ದಿ ಬಂತು.

ಮೀಟರು ನಾನೂರ ಎಂಬತ್ತು ದಾಟಿದಾಗ ನನಗೆ ದಿಗಿಲು ಹತ್ತಿತು. ತವರಿಗೆ ಹೋಗಬೇಕೆಂದರೆ ಹಿರಿಯೂರು ದಾಟಬೇಕು, ಬಸ್ ಸ್ಟ್ಯಾಂಡ್ ದಾಟಬೇಕು, ಹೊಸದುರ್ಗ ದಾಟಬೇಕು. ಕಂಬಳಿ ಹೊದ್ದ ಅವ್ವ ಹಿಂದೆ, ನಾನು ಮುಂದೆ. ಆ ಗಾಡಿಗಳಲ್ಲಿ ಮೀಟರನ್ನು ತಿರುಗಿಸುವ ಕೇಬಲ್ಲು ಮುಂದಿನ ಚಕ್ರದಿಂದ ಮೇಲೆ ಬರುತ್ತಿತ್ತು. ಅದನ್ನು ಬಿಚ್ಚಿದರೆ ಗಾಡಿ ಎಷ್ಟು ಓಡಿದರೂ ಮೀಟರು ಅಲುಗುವುದಿಲ್ಲ ಎಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಒಂದು ಬೆಳಿಗ್ಗೆ ಹಟ್ಟಿ ದಾಟಿದ ಮೇಲೆ ಗಾಡಿ ನಿಲ್ಲಿಸಿ ಕೇಬಲ್ಲು ಬಿಚ್ಚಿದೆ. ಜೋತುಬಿದ್ದು ಚಕ್ರಕ್ಕೆ ಬಡಿಯತೊಡಗಿತು. ಕಟ್ಟಲು ಏನೂ ಇರಲಿಲ್ಲ. ಅವ್ವ ದೃಷ್ಟಿಗೆಂದು ಸುತ್ತಿದ್ದ ದಾರವನ್ನೇ, ಗೊತ್ತಾಗದಂತೆ ಒಂದು ಸುತ್ತು ಉಳಿಸಿ, ಹ್ಯಾಂಡಲ್ಲಿನಿಂದ ಬಿಚ್ಚಿ ಅದರಲ್ಲಿ ಕೇಬಲ್ಲನ್ನು ಬಿಗಿದು ಕಟ್ಟಿದೆ. ಕರಿ ಕೇಬಲ್ಲಿಗೆ ಕರಿ ದಾರ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅವತ್ತು ಸಂಜೆ ಮೀಟರು ನಾನೂರ ಎಂಬತ್ತೇಳು. ಮರುದಿನವೂ ಅಷ್ಟೇ. ಮೂರನೆಯ ದಿನ ಅವ್ವ ಕೇಳಿದಳು.

"ಇವತ್ತೂ ಹಂಗೇ ಐತಲ್ಲೋ?"

"ಕೊನೇ ಹದಿನೈದು ಕಿಲೋಮೀಟ್ರು ನಿಧಾನ ತಿರುಗ್ತೈತವ್ವ. ಒಳಗೆ ಎಲ್ಲ ಸೆಟ್ ಆಗ್ತಿರ್ತೈತೆ."

"ಅದೂ ಸರಿ. ಈಯೋ ಕುರೀನೂ ಕೊನೇ ದಿನ ಹೆಜ್ಜೆ ಎತ್ತಲ್ಲ." ಟ್ಯಾಂಕಿನ ಮೇಲೆ ಕೈ ಸವರಿದಳು. "ಪಾಪ, ಅದಕ್ಕೆ ಅವಸರ ಮಾಡಬ್ಯಾಡ. ಬೇಕಾದ್ರೆ ಎಲ್ಡು ದಿನ ಬಸ್ಸಿಗೆ ಹೋಗು."

ನಾನು ಬಸ್ಸಿಗೆ ಹೋಗಲಿಲ್ಲ. ಮೀಟರು ಸತ್ತ ಮೇಲೆ ವೇಗ ತೋರಿಸುವ ಮುಳ್ಳೂ ಸೊನ್ನೆಯಲ್ಲೇ ನಿಂತಿತ್ತಲ್ಲ, ನಲವತ್ತು ಯಾವುದು ಎಂಬತ್ತು ಯಾವುದು ಗೊತ್ತಾಗುತ್ತಿರಲಿಲ್ಲ. ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆಗೆ ಲಾರಿಗಳ ಜೊತೆ ಪಂದ್ಯ ಕಟ್ಟಿ ಓಡಿಸಿದೆ. ಎಂಜಿನ್ನು ಕರಕರ ಎನ್ನುವುದು ಕೇಳಿ ಭಯವಾಗಿ, ಹಿರಿಯೂರಿನ ಮೆಕಾನಿಕ್ ದಸ್ತಗೀರಣ್ಣನ ಹತ್ತಿರ ಹೋದೆ. ಅವನು ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆಯನ್ನು ಹಳೇ ಡಬ್ಬಕ್ಕೆ ಇಳಿಸಿದ. ಟಾರಿನಂಥ ಎಣ್ಣೆ, ಬಿಸಿಲಿಗೆ ಹಿಡಿದರೆ ಕಬ್ಬಿಣದ ಪುಡಿ ಮಿಣಮಿಣ. ಎರಡು ಬೆರಳಲ್ಲಿ ಉಜ್ಜಿ ನೋಡಿ, ಮೀಟರು ನೋಡಿ, ನನ್ನ ಮುಖ ನೋಡಿದ.

"ಮೀಟ್ರು ನಾನೂರಾ ಎಂಬತ್ತೇಳು ಅಂತೈತೆ, ಎಣ್ಣೆ ಸಾವಿರ ಅಂತೈತೆ. ನಾನು ಯಾರ ಮಾತು ನಂಬ್ಲಿ?" ಬಗ್ಗಿ ಚಕ್ರದ ಹತ್ತಿರ ಕಟ್ಟಿದ ದಾರ ಕಂಡ. "ಓಹೋ. ಯಾರಿಗಪ್ಪ ಟೋಪಿ ಹಾಕ್ತಾ ಇದೀಯ? ಅಪ್ಪನಿಗಾ?"

ನಾನು ಟ್ಯಾಂಕಿನ ಮೇಲಿನ ಧೂಳು ಒರೆಸತೊಡಗಿದೆ.

"ಕೇಬಲ್ ಹಾಕ್ಕೊಡ್ಲಾ? ಎಲ್ಡು ನಿಮಿಷದ ಕೆಲಸ."

ಬೇಡ ಅಣ್ಣ ಎಂದೆ. ಅವನು ಹೊಸ ಎಣ್ಣೆ ಸುರಿದು, ಕೈ ಒರೆಸಿಕೊಂಡು, ಇನ್ನೇನೂ ಕೇಳಲಿಲ್ಲ. ಆ ಎರಡು ನಿಮಿಷವನ್ನು ಅವತ್ತು ನಾನು ಕೊಟ್ಟಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅದಾಗಿ ವಾರಕ್ಕೆ ನನ್ನ ಜೊತೆ ಓದುತ್ತಿದ್ದ ಶೈಲಜಾ ಬಸ್ಸು ತಪ್ಪಿಸಿಕೊಂಡು, ತಮ್ಮೂರಿನ ಕ್ರಾಸಿನ ತನಕ ಬಿಡ್ತೀಯಾ ಎಂದಳು. ಕ್ರಾಸು ನಮ್ಮ ಹಟ್ಟಿಯಿಂದ ಮುಂದೆ. ಹಟ್ಟಿ ಎದುರು ಜೋರಾಗಿ ಹೋಗಿಬಿಟ್ಟರಾಯಿತು ಎಂದುಕೊಂಡು ಕೂರಿಸಿಕೊಂಡೆ. ಅವಳು ಲಂಗದಾವಣಿ ಹುಡುಗಿ, ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತಳು. ಹಟ್ಟಿಗೆ ಇನ್ನೂ ಅರ್ಧ ಮೈಲಿ ಇರುವಾಗ ರಸ್ತೆ ತುಂಬ ಕುರಿ. ಹಾರ್ನ್ ಹೊಡೆದೆ. ಕುರಿಗಳ ನಡುವಿನಿಂದ ಕೋಲು ಹಿಡಿದು ಅವ್ವ ಎದ್ದು ಬಂದಳು. ಮೊದಲು ನನ್ನನ್ನು ನೋಡಲಿಲ್ಲ. ಅವಳ ಕಣ್ಣು ಹೋದದ್ದು ಶೈಲಜಾಳ ಕಾಲಿನ ಕಡೆಗೆ. ಗಾಬರಿಯಾಗಿ ಓಡಿ ಬಂದಳು.

"ಇಳಿ ಇಳಿ ನನ್ನವ್ವ, ಬೈಬ್ಯಾಡ. ಎಂಜಿನ್ನು ಇನ್ನೂ ಹಸಿ ಐತೆ. ಹಿಂಗೆ ಒಂದೇ ಕಡೆ ಕುಂತ್ರೆ ಸವೀತೈತೆ."

ಶೈಲಜಾ ಇಳಿದಳು, ನಕ್ಕಳು.

"ಯಾರು ಹೇಳಿದ್ರಮ್ಮ ಹಂಗಂತ? ನಮ್ಮಣ್ಣನ ಗಾಡೀಲಿ ಮೊದಲ್ನೇ ದಿನಾನೇ ನಮ್ಮಮ್ಮ ಹಿಂಗೇ ಕೂತಿದ್ರಲ್ಲ."

ಅವ್ವ ನನ್ನ ಕಡೆ ನೋಡಿದಳು. ನಾನು ಕುರಿಗಳ ಕಡೆ ನೋಡಿದೆ. ಅಷ್ಟರಲ್ಲಿ ಒಂದು ಮರಿ ಮುಂದಿನ ಚಕ್ರದ ಹತ್ತಿರ ಬಂದು ಏನನ್ನೋ ಬಾಯಲ್ಲಿ ಹಿಡಿದು ಜಗ್ಗತೊಡಗಿತು. ಬಿಡಿಸಲೆಂದು ಅವ್ವ ಕುಕ್ಕರುಗಾಲಲ್ಲಿ ಕೂತಳು. ಮರಿಯ ಬಾಯಲ್ಲಿದ್ದದ್ದು ದಾರದ ತುದಿ. ಅವ್ವ ಆ ದಾರವನ್ನು ಬೆರಳಲ್ಲಿ ಹೊಸೆದು ನೋಡಿದಳು. ಅದು ಕಟ್ಟಿದ್ದ ಕೇಬಲ್ಲನ್ನು ನೋಡಿದಳು, ಅದು ಯಾವುದಕ್ಕೂ ಸೇರದೆ ಇರುವುದನ್ನು ನೋಡಿದಳು. ಎದ್ದು ನಿಂತು ಮೀಟರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ನಾನೂರಾ ಎಂಬತ್ತೇಳು" ಎಂದು ಓದಿದಳು. ಆಮೇಲೆ ಮೆಲ್ಲಗೆ, "ಈ ದಾರ ನಾನು ನೂತಿದ್ದಲ್ವೇನೋ."

ಬೈದಿದ್ದರೆ, ಕೋಲಲ್ಲಿ ಎರಡು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಶೈಲಜಾಳ ಹೆಗಲು ಮುಟ್ಟಲು ಹೋಗಿ, ತನ್ನ ಕೈ ನೋಡಿಕೊಂಡು, ಹಿಂದಕ್ಕೆ ತೆಗೆದುಕೊಂಡಳು.

"ಕುಂತ್ಕಳವ್ವ, ಹೆಂಗೆ ಕುಂತ್ರೂ ಏನೂ ಆಗಲ್ವಂತೆ. ಹೊತ್ತಾತು, ನಿಮ್ಮವ್ವ ದಾರಿ ನೋಡ್ತಿರ್ತಾಳೆ."

ಆಮೇಲೆ ಹುರ್ ಹುರ್ ಎಂದು ಕುರಿಗಳನ್ನು ರಸ್ತೆಯ ಎರಡೂ ಬದಿಗೆ ಸರಿಸಿ ನಮಗೆ ದಾರಿ ಮಾಡಿಕೊಟ್ಟಳು. ನಾನು ಆ ದಾರಿಯಲ್ಲಿ ಗಾಡಿ ಓಡಿಸಿಕೊಂಡು ಹೋದೆ. ಯಾರವರು ಎಂದು ಶೈಲಜಾ ಕೇಳಿದಳು. ನಮ್ಮವ್ವ ಎಂದು ಹೇಳಿದೆ, ಗಾಳಿಗೆ ಕೇಳಿಸಿತೋ ಇಲ್ಲವೋ. ಎರಡನೇ ಸಲ ಹೇಳಲಿಲ್ಲ.

ಸಂಜೆ ಊಟಕ್ಕೆ ಕೂತೆವು. ಅಪ್ಪ ಎಂದಿನಂತೆ ಕೇಳಿದ.

"ಎಷ್ಟಾತೇ ಮೀಟ್ರು?"

"ಐನೂರಾತು" ಎಂದಳು ಅವ್ವ.

ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು, ನನ್ನನ್ನು ಉಳಿಸಲು ಹೇಳಿದ್ದು. ಅಪ್ಪ ಖುಷಿಯಾಗಿ, ಹಂಗಾದ್ರೆ ನಾಳೇನೇ ತವರಿಗೆ ಹೊರಡ್ರಿ ಇಬ್ಬರೂ ಎಂದ.

"ನಾನು ಬಸ್ಸಿಗೆ ಹೋಗ್ತೀನಿ. ಗಾಡಿ ಮ್ಯಾಲೆ ಕುಂತ್ರೆ ನನಗೆ ತಲೆ ತಿರುಗ್ತೈತೆ."

"ಕುಂತೇ ಇಲ್ಲ, ತಲೆ ತಿರುಗೋದು ಹೆಂಗೆ ಗೊತ್ತಾತೇ ನಿನಗೆ?" ಎಂದು ಅಪ್ಪ ನಕ್ಕ. ಅವಳು ನನ್ನ ತಟ್ಟೆಗೆ ಮಜ್ಜಿಗೆ ಹಾಕಿದಳು.

ಬೆಳಿಗ್ಗೆ ಕೇಬಲ್ಲನ್ನು ಮತ್ತೆ ಜೋಡಿಸಿ, ಗಾಡಿ ಒರೆಸಿ, ಬಾರವ್ವ ಎಂದೆ. ಬ್ಯಾಡ ಬಿಡಪ್ಪ, ನಿನ್ನ ಕಾಲೇಜಿಗೆ ಹೊತ್ತಾಗ್ತೈತೆ ಎಂದಳು, ಸಿಟ್ಟಿಲ್ಲದೆ. ಬಸ್ಸು ಹತ್ತಿದಳು. ನಾನು ಬಸ್ಸಿನ ಹಿಂದೆಯೇ ಹೊರಟೆ, ಹಿಂದಿನ ಸೀಟು ಖಾಲಿ. ಹಿರಿಯೂರಿನಲ್ಲಿ ಅವಳು ಬಸ್ಸು ಬದಲಾಯಿಸುವಾಗ ಟೀ ಅಂಗಡಿಯವರೆಲ್ಲ ನೋಡುವಂತೆ ಅವಳ ಪಕ್ಕ ಹೋಗಿ ನಿಂತೆ. ಅವಳು ಗಾಡಿ ಹತ್ತಲಿಲ್ಲ. ಹೊಸದುರ್ಗದ ತನಕ ಹಿಂಬಾಲಿಸಿದೆ. ಕಿಟಕಿಯಲ್ಲಿ ಅವಳ ಕಂಬಳಿಯ ಅಂಚು ಕಾಣುತ್ತಿತ್ತು. ಅಲ್ಲಿಂದ ಮುಂದೆ ತಾತನ ಮುಖ ನೋಡುವ ಧೈರ್ಯವಾಗದೆ ಗಾಡಿ ತಿರುಗಿಸಿಬಿಟ್ಟೆ. ತಾತ ಬಸ್ಸಿನಿಂದ ಇಳಿದ ಮಗಳನ್ನು ನೋಡಿ ಗಾಡಿ ಎಲ್ಲವ್ವ ಎಂದು ಕೇಳಿದನಂತೆ. ರಿಪೇರಿಗೆ ಬಿಟ್ಟೈತಪ್ಪ ಎಂದಳಂತೆ. ಇದನ್ನು ಎಷ್ಟೋ ವರ್ಷಗಳ ಮೇಲೆ ಸೋದರಮಾವ ಸುಮ್ಮನೆ ಮಾತಿಗೆ ಹೇಳಿದ. ಆ ಗಾಡಿ ಹೊಗೆಯುಗುಳುತ್ತಾ ಹತ್ತು ವರ್ಷ ನಮ್ಮಲ್ಲಿತ್ತು. ಅವ್ವ ಅದರ ಮೇಲೆ ಒಂದು ದಿನವೂ ಕೂರಲಿಲ್ಲ. ನಾನೂ ಒಂದು ದಿನವೂ ತಪ್ಪಾಯಿತು ಎನ್ನಲಿಲ್ಲ. ಇದಕ್ಕಿಂತ ನಾಚಿಕೆಗೇಡು ಏನೆಂದರೆ, ಅಪ್ಪ ಆ ನಿಯಮವನ್ನು ಹಟ್ಟಿಯಲ್ಲೆಲ್ಲ ಸಾರಿದ್ದರಿಂದ ಹೊಸ ಗಾಡಿ ಬಂದ ಮನೆಗಳಲ್ಲೆಲ್ಲ ಹೆಂಗಸರು ಐನೂರು ಆಗುವವರೆಗೂ ನಡೆದೇ ಹೋಗುವುದು ರೂಢಿಯಾಯಿತು. ನಾನು ಅದನ್ನೂ ನೋಡಿಕೊಂಡು ಸುಮ್ಮನಿದ್ದೆ.

ಹೋದ ವಾರ ನನ್ನ ಮಗಳು ಚೈತ್ರಾ ಬೈಕು ತಂದಳು. ಕುರಿ ದನಗಳಿಗೆ ಲಸಿಕೆ ಹಾಕುತ್ತಾ ಹಳ್ಳಿ ತಿರುಗುವ ಕೆಲಸ ಅವಳದು, ಗಾಡಿ ಬೇಕೇಬೇಕಿತ್ತು. ಮನೆ ಮುಂದೆ ನಿಲ್ಲಿಸಿ, ಒಂದು ರೌಂಡು ಹೋಗಾಣ ಬಾ ಅಜ್ಜಿ ಎಂದು ಅವ್ವನ ಕೈ ಹಿಡಿದು ಎಳೆದಳು. ಅವ್ವನಿಗೆ ಈಗ ಸೊಂಟ ಬಗ್ಗಿದೆ, ಕಣ್ಣು ಪರವಾಗಿಲ್ಲ. ಮೀಟರಿನ ಹತ್ತಿರ ಮುಖ ತಂದು ಓದಿದಳು.

"ಮೂವತ್ತೊಂದು. ಐನೂರಾಗ್ಲಿ ಬಿಡವ್ವ, ಆಮ್ಯಾಲೆ ಕುಂತ್ಕಂತೀನಿ. ಹೆಂಗಸ್ರು ಒಂದೇ ಕಡೆ ಕುಂತ್ರೆ ಎ‌ಂಜಿನ್ನು ಸವೀತೈತೆ."

"ಅಯ್ಯೋ ಅಜ್ಜಿ! ಯಾರು ಹೇಳಿದ್ದು ನಿನಗೆ ಇದನ್ನ?"

ಅದು ಸುಳ್ಳೆಂದು ಆ ಕಾಲದಲ್ಲೇ ತಿಳಿದಿದ್ದ ಅವ್ವ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ನನಗೆ ಗೊತ್ತು.

"ಯಾರೋ ಓದ್ಕಂಡೋರು ಹೇಳಿದ್ರವ್ವ" ಎಂದಳು.

ಚೈತ್ರಾ ನನ್ನ ಕಡೆ ತಿರುಗಿ, ಎಂಥಾ ದಡ್ಡ ಇರಬೇಕಪ್ಪಾ ಅವನು ಎಂದು ನಕ್ಕಳು. ನಾನೂ ನಕ್ಕೆ. ಕ್ಲಾಸಿನಲ್ಲಿ ನಕ್ಕ ಹಾಗೆಯೇ, ಜೋರಾಗಿ. ನಗು ಅರ್ಧಕ್ಕೇ ನಿಂತುಹೋಯಿತು. ಒಳಗೆ ಬಂದು ಇದನ್ನು ಬರೆಯಲು ಕೂತೆ.

ಅವ್ವನಿಗೆ ಈಗಲೂ ಅಂಕಿ ಮಾತ್ರ ಬರುತ್ತದೆ, ಅಕ್ಷರ ಬರುವುದಿಲ್ಲ. ನಾಳೆ ಸಂಜೆ ಊಟವಾದ ಮೇಲೆ ಈ ಹಾಳೆಗಳನ್ನು ಚೈತ್ರಾಳ ಕೈಗೆ ಕೊಟ್ಟು, ಅಜ್ಜಿಗೆ ಕೇಳುವ ಹಾಗೆ ಜೋರಾಗಿ ಓದು ಎನ್ನುತ್ತೇನೆ. ಇದರಲ್ಲಿ ಇರುವುದನ್ನಷ್ಟೇ ಓದು, ಏನೂ ಸೇರಿಸಬೇಡ, ಏನೂ ಬಿಡಬೇಡ ಎನ್ನುತ್ತೇನೆ. ಅವಳು ಓದಿ ಮುಗಿಸುವವರೆಗೂ ನಾನು ಅವ್ವನ ಪಕ್ಕದಲ್ಲೇ, ಸರಿದು ಕೂರದೆ, ಕೂತಿರುತ್ತೇನೆ.